ಹೊರಗಿನ ಹೆಸರು, ಒಳಗಿನ ಯಂತ್ರ: ಆನ್‌ಲೈನ್‌ನಲ್ಲಿ ಕೈಗಡಿಯಾರ ಕೊಳ್ಳುವವರಿಗೆ ಒಂದು ಕೈಪಿಡಿ

ಹಲವು ಲಕ್ಷ ರೂಪಾಯಿ ಬೆಲೆಯ ಸ್ವಿಸ್ ಕೈಗಡಿಯಾರಗಳ ಹೆಸರು, ಲಾಂಛನ ಮತ್ತು ಹೊರರೂಪವನ್ನು ಹಾಗೆಯೇ ನಕಲು ಮಾಡಿ, ಕೆಲವೇ ಸಾವಿರಕ್ಕೆ ಮನೆಬಾಗಿಲಿಗೆ ತಲುಪಿಸುವುದಾಗಿ ಹೇಳುವ ವ್ಯಾಪಾರವು ಸಾಮಾಜಿಕ ಜಾಲತಾಣಗಳ ಜಾಹೀರಾತು ಮತ್ತು ವಾಟ್ಸ್‌ಆ್ಯಪ್ ಗುಂಪುಗಳ ಮೂಲಕ ಮಹಾನಗರಗಳ ಎಲ್ಲೆ ದಾಟಿ ತಾಲ್ಲೂಕು ಕೇಂದ್ರಗಳನ್ನೂ ತಲುಪಿದೆ. ಕನಕಪುರ ರಸ್ತೆಯ ಹಾರೋಹಳ್ಳಿಯಂಥ ಊರಿನಲ್ಲಿ, ಕೈಗಾರಿಕಾ ಪ್ರದೇಶದ ಪಾಳಿ ಮುಗಿಸಿ ಹೊರಬರುವ ಯುವ ಕಾರ್ಮಿಕನಿಗೂ ಮಗನ ಮದುವೆಗೆ ಉಡುಗೊರೆ ಹುಡುಕುವ ತಂದೆಗೂ ಇಂಥ ಜಾಹೀರಾತು ಕಾಣಿಸುವುದು ಈಗ ಸಾಮಾನ್ಯ ಸಂಗತಿ. ಆದ್ದರಿಂದ ನಕಲಿ ಗಡಿಯಾರವೆಂದರೇನು, ಅದನ್ನು ಗುರುತಿಸುವ ಬಗೆ ಯಾವುದು, ಕಾನೂನು ಯಾರನ್ನು ಕಾಯುತ್ತದೆ, ಮೋಸಹೋದವರು ಎಲ್ಲಿಗೆ ದೂರು ಒಯ್ಯಬೇಕು ಎಂಬುದನ್ನು ಕೊಳ್ಳುವ ಮೊದಲೇ ತಿಳಿದಿರುವುದು ಲೇಸು.

ಅಸಲಿಗೂ ನಕಲಿಗೂ ಇರುವ ಅಂತರ ಈ ಸೀಮೆಗೆ ಹೊಸದೇನಲ್ಲ. ರೇಷ್ಮೆಗೂಡಿನ ದೊಡ್ಡ ಮಾರುಕಟ್ಟೆಯಿರುವ ರಾಮನಗರದ ಸುತ್ತಮುತ್ತಲಿನ ಜನ ಸೀರೆಯ ಹೊಳಪನ್ನು ನೋಡಿ ನಂಬುವವರಲ್ಲ; ಅಂಚಿನ ಒಂದೆಳೆ ನೂಲನ್ನು ಎಳೆದು ಸುಟ್ಟು, ಕೂದಲು ಸುಟ್ಟ ವಾಸನೆ ಬಂದು ಬೂದಿಯು ಬೆರಳಿನಲ್ಲಿ ಪುಡಿಯಾದರೆ ಅದು ರೇಷ್ಮೆ, ಕರಗಿ ಗಟ್ಟಿ ಉಂಡೆಯಾದರೆ ಕೃತಕ ನೂಲು ಎಂದು ತೀರ್ಮಾನಿಸುವ ವಿದ್ಯೆ ಇಲ್ಲಿ ಮನೆಮಾತು. ಗಡಿಯಾರದ ಪರೀಕ್ಷೆಯೂ ಇದೇ ತತ್ತ್ವದ ಮೇಲೆ ನಿಂತಿದೆ: ಡಯಲಿನ ಮೇಲಿನ ಹೆಸರನ್ನು ಯಾರು ಬೇಕಾದರೂ ಮುದ್ರಿಸಬಹುದು, ಒಳಗಿನ ಯಂತ್ರವನ್ನು ಹಾಗೆ ಸುಲಭವಾಗಿ ಮುದ್ರಿಸಲು ಬರುವುದಿಲ್ಲ.

ವ್ಯಾಪಾರದ ಮಾತು ಮತ್ತು ಅದರ ಅರ್ಥ

ನಕಲಿ ಮಾಲನ್ನು ಮಾರುವವರು ಅದನ್ನು ನಕಲಿ ಎಂದು ಕರೆಯುವುದು ವಿರಳ. 'ರೆಪ್ಲಿಕಾ', 'ಫಸ್ಟ್ ಕಾಪಿ', 'ಮಾಸ್ಟರ್ ಕಾಪಿ', '7ಎ ಕ್ವಾಲಿಟಿ', 'ಸೂಪರ್ ಕ್ಲೋನ್' ಎಂಬ ಪದಗಳು ಒಂದಕ್ಕಿಂತ ಒಂದು ಉತ್ತಮ ದರ್ಜೆಯವು ಎಂಬ ಭಾವನೆ ಹುಟ್ಟಿಸುತ್ತವೆಯಾದರೂ, ಇವುಗಳಲ್ಲಿ ಯಾವುದಕ್ಕೂ ಯಾವುದೇ ಸಂಸ್ಥೆ ನಿಗದಿಪಡಿಸಿದ ಮಾನದಂಡವಿಲ್ಲ. ಒಬ್ಬ ಮಾರಾಟಗಾರನ 'ಫಸ್ಟ್ ಕಾಪಿ' ಇನ್ನೊಬ್ಬನಲ್ಲಿ 'ಮಾಸ್ಟರ್ ಕಾಪಿ' ಎಂಬ ಹೆಸರಿನಿಂದ ದುಪ್ಪಟ್ಟು ಬೆಲೆಗೆ ದೊರೆಯಬಹುದು.

ಇವುಗಳಿಂದ ಬೇರೆಯಾಗಿ ಗುರುತಿಸಬೇಕಾದ ಮೂರು ವರ್ಗಗಳಿವೆ. ಪ್ರಸಿದ್ಧ ಗಡಿಯಾರವೊಂದರ ವಿನ್ಯಾಸದಿಂದ ಪ್ರೇರಣೆ ಪಡೆದರೂ ತಯಾರಕರು ತಮ್ಮದೇ ಹೆಸರನ್ನು ಹಾಕಿಕೊಂಡ ಗಡಿಯಾರಕ್ಕೆ 'ಹೋಮೇಜ್' ಎನ್ನುತ್ತಾರೆ. ಬೇರೆಯವರ ಹೆಸರನ್ನು ಕದಿಯದ ಕಾರಣ ಇದನ್ನು ನಕಲಿಗಳ ಸಾಲಿಗೆ ಸೇರಿಸಲಾಗದು. ಅಸಲಿ ಗಡಿಯಾರವನ್ನೇ ಅಧಿಕೃತ ಮಾರಾಟ ಜಾಲದ ಹೊರಗಿನಿಂದ ತಂದು ಮಾರುವುದು 'ಗ್ರೇ ಮಾರುಕಟ್ಟೆ'. ಇಲ್ಲಿ ವಸ್ತು ಅಸಲಿಯಾದರೂ ತಯಾರಕರ ವಾರಂಟಿ ಸಿಗದಿರುವ ಸಾಧ್ಯತೆ ಇರುತ್ತದೆ. ಹಲವು ಹಳೆಯ ಗಡಿಯಾರಗಳ ಬಿಡಿಭಾಗಗಳನ್ನು ಕೂಡಿಸಿ, ಕೆಲವೊಮ್ಮೆ ಹೊಸದಾಗಿ ಮುದ್ರಿಸಿದ ಡಯಲ್ ಹಾಕಿ ಸಿದ್ಧಪಡಿಸಿದ್ದನ್ನು ಸಂಗ್ರಾಹಕರು 'ಫ್ರಾಂಕನ್' ಗಡಿಯಾರ ಎಂದು ಕರೆಯುತ್ತಾರೆ. ಕರ್ನಾಟಕದ ಓದುಗರಿಗೆ ಅತಿ ಹತ್ತಿರದ ಸಮಸ್ಯೆ ಈ ಮೂರನೆಯದು.

ನಾಡಿನದೇ ಉದಾಹರಣೆ: ಹಳೆಯ ಎಚ್‌ಎಂಟಿ

1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಸ್ಥಾಪನೆಗೊಂಡ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆಯು ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಕೈಗಡಿಯಾರ ತಯಾರಿಕೆಗೆ ಕೈಹಾಕಿತು. ಮುಂದೆ 1978ರಲ್ಲಿ ತುಮಕೂರಿನಲ್ಲಿಯೂ ಅದರ ಗಡಿಯಾರ ಕಾರ್ಖಾನೆ ಆರಂಭವಾಯಿತು. ಜನತಾ, ಪೈಲಟ್, ಸೋನಾ, ಜವಾನ್, ಕೊಹಿನೂರ್ ಮೊದಲಾದ ಮಾದರಿಗಳು ಕೆಲಸಕ್ಕೆ ಸೇರಿದಾಗಿನ ಮೊದಲ ಖರೀದಿಯಾಗಿ, ಮದುವೆಯಲ್ಲಿ ವರನಿಗೆ ಕೊಡುವ ಉಡುಗೊರೆಯಾಗಿ, ನಿವೃತ್ತಿಯ ದಿನದ ನೆನಪಿನ ಕಾಣಿಕೆಯಾಗಿ ಎರಡು ಮೂರು ತಲೆಮಾರಿನವರ ಕೈ ಸೇರಿದವು. ಕ್ವಾರ್ಟ್ಸ್ ಗಡಿಯಾರಗಳ ಪೈಪೋಟಿಯ ಮುಂದೆ ಹಿಂದೆ ಬಿದ್ದು ವರ್ಷಗಟ್ಟಲೆ ನಷ್ಟ ಅನುಭವಿಸಿದ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರ ಜನವರಿಯಲ್ಲಿ ಒಪ್ಪಿಗೆ ನೀಡಿತು.

ಕಾರ್ಖಾನೆ ಮುಚ್ಚಿದ ಮೇಲೆ ಹಳೆಯ ಎಚ್‌ಎಂಟಿಗಳಿಗೆ ಬೇಡಿಕೆ ಹೆಚ್ಚಿತು. ಬೇಡಿಕೆಯ ಬೆನ್ನಲ್ಲೇ ನಕಲಿಯೂ ಬಂತು. ಹಳೆಯ ಯಂತ್ರವನ್ನು ತೊಳೆದು, ಹೊಳಪು ಕೊಟ್ಟ ಕೇಸಿನಲ್ಲಿ ಕೂರಿಸಿ, ಕಾರ್ಖಾನೆ ಎಂದೂ ತಯಾರಿಸದ ಬಣ್ಣ ಮತ್ತು ಅಕ್ಷರವಿನ್ಯಾಸದ ಡಯಲನ್ನು ಹೊಸದಾಗಿ ಮುದ್ರಿಸಿ ಮಾರುವ ಈ ಗಡಿಯಾರಗಳನ್ನು ಸಂಗ್ರಾಹಕರು 'ಮುಂಬೈ ಸ್ಪೆಷಲ್' ಎಂದು ಕರೆಯುತ್ತಾರೆ. ದುರಸ್ತಿ ಮಾಡಿದ ಹಳೆಯ ಗಡಿಯಾರವನ್ನು ದುರಸ್ತಿಯಾದದ್ದೆಂದೇ ಹೇಳಿ ಮಾರಿದರೆ ಅದರಲ್ಲಿ ತಪ್ಪಿಲ್ಲ. ಮರುಮುದ್ರಣದ ಡಯಲನ್ನು ಮರೆಮಾಚಿ, ಕಾರ್ಖಾನೆಯಿಂದ ಹೊರಬಂದು ಬಳಕೆಯಾಗದೆ ಉಳಿದ ಹಳೆಯ ದಾಸ್ತಾನು ಎಂದು ನಂಬಿಸಿ ಹೆಚ್ಚು ಬೆಲೆ ಕೇಳುವುದು ಮೋಸ.

ಇಂಥ ಗಡಿಯಾರದ ಚಿತ್ರ ಕಂಡಾಗ ನಾಲ್ಕು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದಾಗಿ ಡಯಲಿನ ಅಕ್ಷರಗಳು: ಕಾರ್ಖಾನೆಯ ಮುದ್ರಣದಲ್ಲಿ ಅಂಚುಗಳು ಚೂಪಾಗಿದ್ದು ಅಕ್ಷರಗಳ ನಡುವಣ ಅಂತರ ಸಮನಾಗಿರುತ್ತದೆ, ಮರುಮುದ್ರಣದಲ್ಲಿ ಭೂತಗನ್ನಡಿ ಹಿಡಿದರೆ ಶಾಯಿ ಹರಡಿದ್ದು, ಗಂಟೆಯ ಗುರುತುಗಳು ಓರೆಯಾಗಿದ್ದು ಕಾಣುತ್ತದೆ. ಎರಡನೆಯದಾಗಿ ವಯಸ್ಸಿನ ಹೊಂದಾಣಿಕೆ: ಡಯಲ್ ಥಳಥಳ ಹೊಳೆಯುತ್ತ ಮುಳ್ಳುಗಳು ಮಾಸಿದ್ದರೆ ಅಥವಾ ಕೇಸು ಸವೆದು ಡಯಲ್ ಮಾತ್ರ ನಿನ್ನೆ ಮೊನ್ನೆಯದರಂತಿದ್ದರೆ ಅವು ಒಂದೇ ಗಡಿಯಾರದ ಭಾಗಗಳೇ ಎಂಬ ಪ್ರಶ್ನೆ ಏಳಬೇಕು. ಮೂರನೆಯದಾಗಿ ಯಂತ್ರ: ಹಿಂಬದಿಯ ಮುಚ್ಚಳ ತೆಗೆದ ಚಿತ್ರವನ್ನು ಕೇಳಿ ಪಡೆದು, ಒಳಗಿನ ಫಲಕದ ಮೇಲೆ ಎಚ್‌ಎಂಟಿ ಹೆಸರು, ಯಂತ್ರಮಾದರಿಯ ಸಂಖ್ಯೆ ಮತ್ತು ಜ್ಯುವೆಲ್‌ಗಳ ಸಂಖ್ಯೆ ಕೊರೆದಿವೆಯೇ ಎಂದು ನೋಡಬೇಕು. ಜ್ಯುವೆಲ್ ಎಂದರೆ ಚಕ್ರಗಳ ಅಚ್ಚುಗಳು ಸವೆಯದಂತೆ ತಡೆಯಲು ಕೂರಿಸುವ ಕೃತಕ ಮಾಣಿಕ್ಯದ ಪುಟ್ಟ ಆಸರೆ. ಕೀಲಿ ಕೊಡುವ ಎಚ್‌ಎಂಟಿಗಳ ಪ್ರಸಿದ್ಧ 0231 ಯಂತ್ರದಲ್ಲಿ ಇವು 17 ಇರುತ್ತವೆ. ನಾಲ್ಕನೆಯದಾಗಿ ಮಾರಾಟಗಾರನ ಉಳಿದ ಮಾಲು: ಒಂದೇ ಮಾದರಿ ಹತ್ತಾರು ಬಣ್ಣಗಳಲ್ಲಿ, ಎಲ್ಲವೂ 'ಅಪರೂಪದ್ದು' ಎಂಬ ಪಟ್ಟಿಯೊಂದಿಗೆ ಸಾಲಾಗಿ ಇದ್ದರೆ ಆ ಅಪರೂಪವನ್ನು ನಂಬಬಾರದು.

ಹೊಸದಾದ ಎಚ್‌ಎಂಟಿಯನ್ನೇ ಬಯಸುವವರಿಗೆ ಸುರಕ್ಷಿತ ದಾರಿ ತೆರೆದೇ ಇದೆ. ಮಾತೃಸಂಸ್ಥೆಯಾದ ಎಚ್‌ಎಂಟಿ ಲಿಮಿಟೆಡ್ ತನ್ನ ಅಧಿಕೃತ ಜಾಲತಾಣ ಮತ್ತು ಮಳಿಗೆಗಳ ಮೂಲಕ ಇಂದಿಗೂ ಕೈಗಡಿಯಾರಗಳನ್ನು ಮಾರುತ್ತಿದೆ. ಹಳೆಯ ಮಾದರಿಗಳು ಅಸಲಿ ರೂಪದಲ್ಲಿ ಹೇಗಿದ್ದವು ಎಂಬುದನ್ನು ಕಣ್ಣಾರೆ ಕಾಣಲು ಜಾಲಹಳ್ಳಿಯ ಎಚ್‌ಎಂಟಿ ಪರಂಪರೆ ಕೇಂದ್ರ ಮತ್ತು ವಸ್ತುಸಂಗ್ರಹಾಲಯಕ್ಕೆ ಭೇಟಿ ನೀಡಬಹುದು; ಅಲ್ಲಿ ಒಂದು ಗಂಟೆ ಕಳೆದವರ ಕಣ್ಣು ಮರುಮುದ್ರಣದ ಡಯಲನ್ನು ಮುಂದೆ ಸುಲಭವಾಗಿ ಪತ್ತೆಹಚ್ಚುತ್ತದೆ.

ನಕಲಿ ಸ್ವಿಸ್ ಗಡಿಯಾರದ ಒಳಗೆ

ಗಡಿಯಾರದ ಯಂತ್ರಗಳಲ್ಲಿ ಎರಡು ಮುಖ್ಯ ಬಗೆಗಳಿವೆ. ಬ್ಯಾಟರಿಯ ವಿದ್ಯುತ್ತಿನಿಂದ ಸ್ಫಟಿಕವೊಂದನ್ನು ಕಂಪಿಸುವಂತೆ ಮಾಡಿ ಕಾಲವನ್ನು ಎಣಿಸುವುದು ಕ್ವಾರ್ಟ್ಸ್. ಸುರುಳಿ ಸ್ಪ್ರಿಂಗಿನಲ್ಲಿ ಕೂಡಿಟ್ಟ ಬಲವನ್ನು ಹಲ್ಲುಚಕ್ರಗಳ ಮೂಲಕ ಹಂತಹಂತವಾಗಿ ಬಿಡುಗಡೆ ಮಾಡುವುದು ಯಾಂತ್ರಿಕ ಗಡಿಯಾರ, ಮತ್ತು ಕೈಯ ಚಲನೆಯಿಂದಲೇ ಆ ಸ್ಪ್ರಿಂಗ್ ಸುತ್ತಿಕೊಳ್ಳುವಂತಿದ್ದರೆ ಅದು ಆಟೋಮ್ಯಾಟಿಕ್. ಇಂದಿನ ಹೆಚ್ಚಿನ ದುಬಾರಿ ಯಾಂತ್ರಿಕ ಗಡಿಯಾರಗಳು ಗಂಟೆಗೆ 28,800 ಬಾರಿ, ಅಂದರೆ ಸೆಕೆಂಡಿಗೆ 8 ಬಾರಿ ಮಿಡಿಯುವುದರಿಂದ ಅವುಗಳ ಸೆಕೆಂಡಿನ ಮುಳ್ಳು ಜಾರುವಂತೆ ಸಾಗುತ್ತದೆ. ಕೀಲಿ ಕೊಡುವ ಎಚ್‌ಎಂಟಿಯ 0231 ಯಂತ್ರದ್ದು ಗಂಟೆಗೆ 18,000, ಅಂದರೆ ಸೆಕೆಂಡಿಗೆ 5 ಮಿಡಿತ. ಆಟೋಮ್ಯಾಟಿಕ್ ಎಂದು ಹೇಳಿ ಮಾರಿದ ಗಡಿಯಾರದ ಮುಳ್ಳು ಸೆಕೆಂಡಿಗೊಮ್ಮೆ ಟಕ್ಕೆಂದು ನೆಗೆಯುತ್ತಿದ್ದರೆ ಒಳಗಿರುವುದು ಕ್ವಾರ್ಟ್ಸ್ ಯಂತ್ರವೆಂದೇ ತಿಳಿಯಬಹುದು. ಆದರೆ ಮುಳ್ಳು ಜಾರಿದ ಮಾತ್ರಕ್ಕೆ ಗಡಿಯಾರ ಅಸಲಿಯೆಂದು ತಿಳಿಯುವಂತಿಲ್ಲ. ಇಂದಿನ ದುಬಾರಿ ನಕಲಿಗಳಲ್ಲಿಯೂ ಅಗ್ಗದ ಆಟೋಮ್ಯಾಟಿಕ್ ಯಂತ್ರಗಳಿರುತ್ತವೆ.

ಹೊರನೋಟದಲ್ಲಿಯೂ ಕೆಲವು ಸೂಚನೆಗಳು ಸಿಗುತ್ತವೆ. ಕ್ರೋನೋಗ್ರಾಫ್ ಎಂಬ ಹೆಸರಿನಲ್ಲಿ ಡಯಲಿನೊಳಗೆ ಮೂರು ಚಿಕ್ಕ ವೃತ್ತಗಳಿದ್ದರೂ ಗುಂಡಿ ಒತ್ತಿದಾಗ ಅವು ಅಲುಗಾಡದಿರುವುದು, ದಿನಾಂಕದ ಅಂಕಿ ಕಿಟಕಿಯ ನಡುವೆ ನಿಲ್ಲದಿರುವುದು, ಗಾಜಿನ ಅಂಚು ಒರಟಾಗಿರುವುದು, ಲೋಹಪಟ್ಟಿಯ ಕೊಂಡಿಗಳು ಸಡಿಲವಾಗಿ ಸದ್ದು ಮಾಡುವುದು ಕಳಪೆ ನಕಲಿಯ ಗುರುತುಗಳು. 'ಸ್ವಿಸ್ ಮೇಡ್' ಎಂಬ ಎರಡು ಪದಗಳಿಗೂ ಕಾನೂನಿನ ಅರ್ಥವಿದೆ: ಸ್ವಿಟ್ಜರ್ಲೆಂಡಿನಲ್ಲಿ 2017ರ ಜನವರಿ 1ರಿಂದ ಜಾರಿಯಲ್ಲಿರುವ ನಿಯಮದಂತೆ, ಗಡಿಯಾರದ ತಯಾರಿಕಾ ವೆಚ್ಚದ ಕನಿಷ್ಠ ಶೇ. 60ರಷ್ಟು ಆ ದೇಶದಲ್ಲೇ ಆಗಿರಬೇಕು, ಯಂತ್ರವು ಸ್ವಿಸ್ ಆಗಿರಬೇಕು, ಅದನ್ನು ಕೇಸಿನೊಳಗೆ ಕೂರಿಸುವ ಕೆಲಸ ಮತ್ತು ಅಂತಿಮ ತಪಾಸಣೆ ಅಲ್ಲಿಯೇ ನಡೆದಿರಬೇಕು. ಇಷ್ಟೆಲ್ಲ ಕೆಲಸದ ಫಲವಾದ ವಸ್ತು ಮೂರು ಸಾವಿರ ರೂಪಾಯಿಗೆ ಬರಲು ಸಾಧ್ಯವಿಲ್ಲ ಎಂಬುದು ಯಾವ ಭೂತಗನ್ನಡಿಯೂ ಬೇಡದ ಮೊದಲ ಪರೀಕ್ಷೆ.

ನಷ್ಟವು ಹಣಕ್ಕಷ್ಟೇ ಸೀಮಿತವಾಗಿ ಉಳಿಯುವುದಿಲ್ಲ. ಡಯಲಿನ ಮೇಲೆ ನೀರುನಿರೋಧಕ ಎಂದು ಮುದ್ರಿಸಿದ್ದರೂ ಒಳಗೆ ರಬ್ಬರಿನ ಉಂಗುರ ಸರಿಯಾಗಿ ಇಲ್ಲದ ಗಡಿಯಾರ ಒಂದು ಮಳೆಗೆ ಕೆಡುತ್ತದೆ. ಕೆಟ್ಟ ನಕಲಿಯನ್ನು ಅಧಿಕೃತ ಸೇವಾಕೇಂದ್ರಗಳು ರಿಪೇರಿಗೆ ತೆಗೆದುಕೊಳ್ಳುವುದಿಲ್ಲ. ಅಗ್ಗದ ಮಿಶ್ರಲೋಹದ ಮೇಲಿನ ಲೇಪ ಬೆವರಿಗೆ ಸವೆದಾಗ ಒಳಗಿನ ನಿಕ್ಕಲ್ ಚರ್ಮಕ್ಕೆ ತಾಗಿ ತುರಿಕೆ, ಕೆಂಪು ದದ್ದು ಏಳುವುದುಂಟು; ನಿಕ್ಕಲ್ ಚರ್ಮದ ಅಲರ್ಜಿಗೆ ಸಾಮಾನ್ಯ ಕಾರಣಗಳಲ್ಲೊಂದು ಎಂಬುದು ವೈದ್ಯಕೀಯವಾಗಿ ಸ್ಥಾಪಿತವಾದ ಸಂಗತಿ.

ಕಾನೂನು ಏನು ಹೇಳುತ್ತದೆ

1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ ಪ್ರಕಾರ, ಇನ್ನೊಬ್ಬರ ನೋಂದಾಯಿತ ವ್ಯಾಪಾರ ಗುರುತನ್ನು ಸುಳ್ಳಾಗಿ ಬಳಸುವುದು ಹಾಗೂ ಅಂಥ ಸರಕನ್ನು ಮಾರುವುದು ಅಥವಾ ಮಾರಾಟಕ್ಕಾಗಿ ಇಟ್ಟುಕೊಳ್ಳುವುದು ಅಪರಾಧ. 103 ಮತ್ತು 104ನೇ ಸೆಕ್ಷನ್‌ಗಳು ಇದಕ್ಕೆ 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸ ಮತ್ತು 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡವನ್ನು ವಿಧಿಸುತ್ತವೆ. ಕಾರ್ಟಿಯೇ, ಪನೆರಾಯ್ ಮೊದಲಾದ ಹೆಸರುಗಳ ನಕಲಿ ಗಡಿಯಾರಗಳನ್ನು ಆನ್‌ಲೈನ್‌ನಲ್ಲಿ ಮಾರಿದ ಭಾರತದ ಜಾಲತಾಣವೊಂದರ ವಿರುದ್ಧ ದೆಹಲಿ ಹೈಕೋರ್ಟ್ 2016ರ ಜನವರಿಯಲ್ಲಿ 1 ಕೋಟಿ ರೂಪಾಯಿ ಪರಿಹಾರ ನೀಡುವಂತೆ ತೀರ್ಪಿತ್ತದ್ದು ಈ ವ್ಯವಹಾರವನ್ನು ನ್ಯಾಯಾಲಯಗಳು ಎಷ್ಟು ಗಂಭೀರವಾಗಿ ಕಾಣುತ್ತವೆ ಎಂಬುದಕ್ಕೆ ಸಾಕ್ಷಿ.

ಈ ಶಿಕ್ಷೆಗಳ ಗುರಿ ತಯಾರಕ ಮತ್ತು ಮಾರಾಟಗಾರ. ಸ್ವಂತ ಬಳಕೆಗೆ ಒಂದನ್ನು ಕೊಂಡವನನ್ನು ಈ ಸೆಕ್ಷನ್‌ಗಳು ಶಿಕ್ಷಿಸುವುದಿಲ್ಲ. ಆದರೆ ನಾಲ್ಕನ್ನು ತರಿಸಿ ಮೂರನ್ನು ಸಹೋದ್ಯೋಗಿಗಳಿಗೆ ಲಾಭಕ್ಕೆ ಕೊಟ್ಟ ಕ್ಷಣವೇ ಕೊಂಡವನೂ ಮಾರಾಟಗಾರನಾಗುತ್ತಾನೆ ಎಂಬುದನ್ನು ಪಾಳಿಯ ಬಿಡುವಿನಲ್ಲಿ ಇಂಥ ಚಿಲ್ಲರೆ ವ್ಯಾಪಾರಕ್ಕೆ ಇಳಿಯುವ ಯುವಕರು ಮರೆಯಬಾರದು.

ಇನ್ನೊಂದು ಸೂಕ್ಷ್ಮವೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ನಕಲಿ ಸರಕು ಎಂಬುದನ್ನು ಅಸಲಿಯೆಂದು ಸುಳ್ಳಾಗಿ ಹೇಳಿಕೊಳ್ಳುವ ಸರಕು ಎಂದು ವಿವರಿಸುತ್ತದೆ. ಅಸಲಿ ಎಂಬ ಮಾತು ನಂಬಿ ಮೋಸಹೋದವರಿಗೆ ಈ ಕಾಯ್ದೆ ಗಟ್ಟಿ ಆಸರೆ. 'ಫಸ್ಟ್ ಕಾಪಿ' ಎಂದು ತಿಳಿದೇ ಕೊಂಡವರು ಅದು ಅಸಲಿಯಲ್ಲವೆಂದು ದೂರುವ ನೆಲೆಯನ್ನೇ ಕಳೆದುಕೊಳ್ಳುತ್ತಾರೆ. ಗೊತ್ತಿದ್ದೂ ನಕಲಿ ಕೊಳ್ಳುವವರು ತಮ್ಮ ಹಣದ ಜೊತೆಗೆ ತಮ್ಮ ರಕ್ಷಣೆಯ ದೊಡ್ಡ ಪಾಲನ್ನೂ ಮಾರಾಟಗಾರನ ಕೈಗಿಡುತ್ತಾರೆ.

ಹಣ ಕೊಡುವ ಮುನ್ನ

ಮಾರಾಟಗಾರನ ಪೂರ್ಣ ಹೆಸರು, ವಿಳಾಸ, ದೂರು ಸ್ವೀಕರಿಸುವ ಅಧಿಕಾರಿಯ ವಿವರ ಮತ್ತು ವಸ್ತು ತಯಾರಾದ ದೇಶದ ಹೆಸರು ಗ್ರಾಹಕನಿಗೆ ಕಾಣುವಂತಿರಬೇಕೆಂದು 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳು ಹೇಳುತ್ತವೆ; ಬರಿಯ ಮೊಬೈಲ್ ಸಂಖ್ಯೆ ಮತ್ತು ಇನ್‌ಸ್ಟಾಗ್ರಾಂ ಪುಟ ಮಾತ್ರ ಇರುವ ಅಂಗಡಿಯಿಂದ ದೂರವಿರುವುದು ಕ್ಷೇಮ. ಬಿಲ್ ಕೊಡುವುದಾಗಿ ಹೇಳಿದರೆ 15 ಅಕ್ಷರ–ಅಂಕಿಗಳ ಜಿಎಸ್‌ಟಿ ಸಂಖ್ಯೆಯನ್ನು ಪಡೆದು, ಜಿಎಸ್‌ಟಿಯ ಸರ್ಕಾರಿ ಜಾಲತಾಣದಲ್ಲಿ ಹಾಕಿ ನೋಡಿದರೆ ಅದು ಯಾರ ಹೆಸರಿನಲ್ಲಿದೆ, ಚಾಲ್ತಿಯಲ್ಲಿದೆಯೇ ಎಂಬುದು ಒಂದೇ ನಿಮಿಷದಲ್ಲಿ ತಿಳಿಯುತ್ತದೆ.

ದುಬಾರಿ ಬ್ರ್ಯಾಂಡಿನ ವಿಷಯದಲ್ಲಿ, ಆ ಕಂಪನಿಯ ಸ್ವಂತ ಜಾಲತಾಣದಲ್ಲಿರುವ ಅಧಿಕೃತ ಮಳಿಗೆಗಳ ಪಟ್ಟಿಯೊಡನೆ ಮಾರಾಟಗಾರನ ಹೆಸರನ್ನು ಹೋಲಿಸಬೇಕು. ಉದಾಹರಣೆಗೆ, ರೋಲೆಕ್ಸ್ ತನ್ನ ಹೊಸ ಗಡಿಯಾರಗಳನ್ನು ಅಂತರಜಾಲದ ಮೂಲಕ ಮಾರುವುದೇ ಇಲ್ಲ, ಅಧಿಕೃತ ಮಳಿಗೆಗಳಲ್ಲಿ ಮಾತ್ರ ಮಾರುತ್ತದೆ. ಆದ್ದರಿಂದ 'ಹೊಸ ರೋಲೆಕ್ಸ್, ಆನ್‌ಲೈನ್ ಕೊಡುಗೆ' ಎಂಬ ಜಾಹೀರಾತು ಎಷ್ಟೇ ಅಂದವಾಗಿದ್ದರೂ ಅದು ಕಂಪನಿಯದ್ದಲ್ಲ.

ಹಣ ಪಾವತಿಯಲ್ಲಿ ಮೂರು ಎಚ್ಚರಿಕೆಗಳು ಅಗತ್ಯ. ಅಪರಿಚಿತ ವ್ಯಕ್ತಿಯ ಯುಪಿಐ ಸಂಖ್ಯೆಗೆ ಮುಂಗಡ ಕಳಿಸಬಾರದು. 'ಸಾಗಣೆ ಶುಲ್ಕ ಮಾತ್ರ ಈಗ' ಎಂಬ ಮಾತೂ ಹಣ ಎಳೆಯುವ ಮೊದಲ ಮೆಟ್ಟಿಲಾಗಿರಬಹುದು. 'ಕ್ಯಾಶ್ ಆನ್ ಡೆಲಿವರಿ' ಎಂಬುದು ಪೂರ್ಣ ರಕ್ಷಣೆಯೆಂದು ಭಾವಿಸಬಾರದು. ಹಣ ಕೊಟ್ಟ ಮೇಲಷ್ಟೇ ಪೊಟ್ಟಣ ತೆರೆಯಲು ಬಿಡುವ ಕಡೆ ಕಲ್ಲು ಬಂದರೂ ಹಣ ಹೋದಂತೆಯೇ, ಆದ್ದರಿಂದ ತಲುಪಿಸುವವನ ಎದುರಿಗೇ ತೆರೆದು ನೋಡುವ 'ಓಪನ್ ಬಾಕ್ಸ್' ಸೌಲಭ್ಯವಿದ್ದರೆ ಅದನ್ನೇ ಆರಿಸಬೇಕು. ಹಣ ಪಡೆಯಲು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವ ಅಥವಾ ಯುಪಿಐ ಪಿನ್ ಒತ್ತುವ ಅಗತ್ಯ ಎಂದೂ ಇರುವುದಿಲ್ಲ. ಮರುಪಾವತಿಯ ನೆಪದಲ್ಲಿ ಹಾಗೆ ಕೇಳಿದರೆ ಅದು ಎರಡನೆಯ ಮೋಸ.

ಪೊಟ್ಟಣ ಬಂದ ಮೇಲೆ

ಮುದ್ರೆ ಒಡೆಯುವುದರಿಂದ ಗಡಿಯಾರ ಹೊರಬರುವವರೆಗೆ ಕಡಿತವಿಲ್ಲದ ಒಂದೇ ವಿಡಿಯೊ ಮಾಡಿಟ್ಟುಕೊಳ್ಳಬೇಕು. ಜಾಹೀರಾತಿನ ಚಿತ್ರ, ಮಾತುಕತೆಯ ಸಂದೇಶಗಳು, ಪಾವತಿಯ ವಿವರ ಮತ್ತು ಪೊಟ್ಟಣದ ಮೇಲಿನ ವಿಳಾಸಚೀಟಿಯನ್ನು ಜೋಪಾನವಾಗಿಡಬೇಕು. ಕೇಸಿನ ಮೇಲಿನ ಕ್ರಮಸಂಖ್ಯೆ ಮತ್ತು ವಾರಂಟಿ ಕಾರ್ಡಿನ ಕ್ರಮಸಂಖ್ಯೆ ಒಂದೇ ಆಗಿರಬೇಕು, ಆದರೆ ನಕಲಿ ತಯಾರಕರು ಎರಡರ ಮೇಲೂ ಒಂದೇ ಸಂಖ್ಯೆ ಹಾಕಬಲ್ಲರಾದ್ದರಿಂದ ಇದನ್ನೇ ಅಂತಿಮ ಪುರಾವೆಯಾಗಿ ಒಪ್ಪುವಂತಿಲ್ಲ. ಸಂದೇಹ ಉಳಿದರೆ ಊರಿನ ಅನುಭವಿ ಗಡಿಯಾರ ರಿಪೇರಿಯವರಿಂದ ಹಿಂಬದಿಯ ಮುಚ್ಚಳ ತೆಗೆಸಿ ಯಂತ್ರವನ್ನು ನೋಡಿಸುವುದು, ದುಬಾರಿ ಗಡಿಯಾರವಾದರೆ ಬ್ರ್ಯಾಂಡಿನ ಸೇವಾಕೇಂದ್ರಕ್ಕೇ ಒಯ್ಯುವುದು ಸರಿಯಾದ ಕ್ರಮ. ನೂಲು ಸುಟ್ಟು ನೋಡುವ ರೇಷ್ಮೆ ವ್ಯಾಪಾರಿಯಂತೆ ಇಲ್ಲಿಯೂ ತೀರ್ಪು ಬರುವುದು ಒಳಗಿನಿಂದಲೇ.

ಮೋಸವಾಗಿದ್ದರೆ

ಗಡಿಯಾರ ಬಾರದೆ ಹಣ ಮಾತ್ರ ಹೋಗಿದ್ದರೆ ಅದು ಸೈಬರ್ ವಂಚನೆ. ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ದೂರು ಜಾಲತಾಣದಲ್ಲಿ ದೂರು ದಾಖಲಿಸಿ, ಬ್ಯಾಂಕಿಗೂ ತಿಳಿಸಬೇಕು, ಏಕೆಂದರೆ ಹಣ ಖಾತೆಯಿಂದ ಖಾತೆಗೆ ಹರಿದುಹೋಗುವ ಮುನ್ನ ತಡೆಹಿಡಿಯುವ ಅವಕಾಶ ಮೊದಲ ಕೆಲವು ಗಂಟೆಗಳಲ್ಲೇ ಹೆಚ್ಚು.

ಅಸಲಿಯೆಂದು ಹೇಳಿ ನಕಲಿ ಕಳಿಸಿದ್ದರೆ ಮೊದಲು ಮಾರಾಟ ವೇದಿಕೆಯ ದೂರು ಅಧಿಕಾರಿಗೆ ಬರಹದಲ್ಲಿ ತಿಳಿಸಬೇಕು. ಇ-ವಾಣಿಜ್ಯ ನಿಯಮಗಳಂತೆ ಅವರು ದೂರನ್ನು 48 ಗಂಟೆಯೊಳಗೆ ಸ್ವೀಕರಿಸಿರುವುದಾಗಿ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ನಕಲಿ ಸರಕನ್ನು ಹಿಂಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ. ಅಲ್ಲಿ ಫಲ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ಕೊನೆಯ ಮೆಟ್ಟಿಲು ಜಿಲ್ಲಾ ಗ್ರಾಹಕ ಆಯೋಗ. ಮಾರಾಟಗಾರ ದೆಹಲಿಯಲ್ಲಿರಲಿ ಸೂರತ್‌ನಲ್ಲಿರಲಿ, 2019ರ ಕಾಯ್ದೆಯು ದೂರುದಾರನು ವಾಸವಿರುವ ಜಿಲ್ಲೆಯಲ್ಲೇ ದೂರು ಸಲ್ಲಿಸುವ ಹಕ್ಕನ್ನು ಕೊಟ್ಟಿದೆ. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ, ವಕೀಲರನ್ನು ನೇಮಿಸಲೇಬೇಕೆಂಬ ಕಡ್ಡಾಯವೂ ಇಲ್ಲ, ಆನ್‌ಲೈನ್‌ನಲ್ಲೇ ದೂರು ಸಲ್ಲಿಸಲು ಅವಕಾಶವಿದೆ. ಕಾರಣ ಉಂಟಾದ ದಿನದಿಂದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕೆಂಬುದು ಮಾತ್ರ ನೆನಪಿರಬೇಕು.

ಅದೇ ಹಣಕ್ಕೆ ಅಸಲಿ ಗಡಿಯಾರ

ನಕಲಿ ರೋಲೆಕ್ಸಿಗೆ ಕೊಡುವ ಮೂರು ಸಾವಿರ ರೂಪಾಯಿಗೆ ಬಿಲ್, ವಾರಂಟಿ ಮತ್ತು ಸೇವಾಕೇಂದ್ರದ ಭರವಸೆಯಿರುವ ಅಸಲಿ ಗಡಿಯಾರವೇ ದೊರೆಯುತ್ತದೆ. ಎಚ್‌ಎಂಟಿಯ ಮಾತಂತಿರಲಿ, ಹಾರೋಹಳ್ಳಿಯಿಂದ ಪೂರ್ವಕ್ಕೆ ಆನೇಕಲ್ ದಾಟಿದರೆ ಸಿಗುವ ಹೊಸೂರಿನಲ್ಲಿ ಟೈಟನ್ ಕಾರ್ಖಾನೆಯಿದೆ. 1984ರಲ್ಲಿ ಟಾಟಾ ಸಮೂಹ ಮತ್ತು ತಮಿಳುನಾಡು ಸರ್ಕಾರದ ಕೈಗಾರಿಕಾ ನಿಗಮ ಕೂಡಿ ಸ್ಥಾಪಿಸಿದ ಈ ಕಂಪನಿಯು 2002ರಲ್ಲಿ ಕೇವಲ 1.15 ಮಿಲಿಮೀಟರ್ ದಪ್ಪದ ಯಂತ್ರವುಳ್ಳ 'ಎಡ್ಜ್' ಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ಜಾಲಹಳ್ಳಿ, ತುಮಕೂರು, ಹೊಸೂರುಗಳ ನಡುವಿನ ಈ ನೆಲ ದೇಶಕ್ಕೇ ಗಡಿಯಾರ ಕಟ್ಟಿಕೊಟ್ಟ ನೆಲ. ಇಲ್ಲಿಯವರು ಅಸಲಿಗಾಗಿ ಬಹು ದೂರ ಹುಡುಕಬೇಕಾಗಿಲ್ಲ.

ನಕಲು ಎಂಬುದು ಶ್ರೀಮಂತ ಕಂಪನಿಗಳಿಗೆ ಮಾತ್ರ ತಟ್ಟುವ ಪೆಟ್ಟು ಎಂಬ ವಾದವನ್ನು ಒಪ್ಪಲಾಗದು. ಅದಕ್ಕೆ ಉತ್ತರ ಪಕ್ಕದ ಚನ್ನಪಟ್ಟಣದಲ್ಲೇ ಇದೆ. ಆಲೆಮರದ ಕಟ್ಟಿಗೆಯನ್ನು ಕಡೆದು, ಅರಗಿನ ಬಣ್ಣ ಲೇಪಿಸಿ, ಕೇದಗೆಯ ಗರಿಯಿಂದ ಹೊಳಪು ಕೊಡುವ ಅಲ್ಲಿನ ಬೊಂಬೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ, ಅಂದರೆ ಆ ಊರಿನ ಕುಶಲಕರ್ಮಿಗಳು ಮಾಡಿದ್ದಕ್ಕೆ ಮಾತ್ರ ಆ ಹೆಸರು ಸಲ್ಲಬೇಕೆಂಬ ಕಾನೂನಿನ ರಕ್ಷಣೆ ಇದೆ. ಆದರೂ ಯಂತ್ರದಲ್ಲಿ ತಯಾರಾದ ಅಗ್ಗದ ಅನುಕರಣೆಗಳು ಅದೇ ಹೆಸರಿನ ನೆರಳಿನಲ್ಲಿ ಮಾರಾಟವಾದಾಗ ಪೆಟ್ಟು ಬೀಳುವುದು ದಿನಗೂಲಿಗೆ ಕೂತ ಕುಶಲಕರ್ಮಿಯ ಹೊಟ್ಟೆಗೆ. ಜಿನೀವಾದ ಕಂಪನಿಯ ಹೆಸರನ್ನು ಕದಿಯುವ ಕೈಗೆ ಚನ್ನಪಟ್ಟಣದ ಹೆಸರನ್ನು ಕದಿಯಲು ಏನೂ ಅಡ್ಡಿಯಿಲ್ಲ. ಆದ್ದರಿಂದ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಹಾರೋಹಳ್ಳಿಯ ಓದುಗರು ಮುಂದಿನ ಬಾರಿ 'ಫಸ್ಟ್ ಕಾಪಿ' ಎಂಬ ಜಾಹೀರಾತು ಕಂಡಾಗ ಅದನ್ನು ಬದಿಗೆ ಸರಿಸಿ, ತಮ್ಮ ಶಕ್ತಿಗೆ ಎಟುಕುವ ಒಂದು ಅಸಲಿ ಗಡಿಯಾರವನ್ನು ಬಿಲ್ ಪಡೆದು ಕೊಳ್ಳಲಿ. ಆ ಬಿಲ್ಲನ್ನು ವಾರಂಟಿ ಮುಗಿಯುವವರೆಗೆ ಜೋಪಾನವಾಗಿ ಇಟ್ಟುಕೊಳ್ಳಲಿ.